ಲೋಕದ ಪ್ರೇಮಗೀತೆ, ವಿಶ್ವಾಸಿಯ ಕಿವಿ: ಬಿಡಬೇಕಾ, ಬದಲಿಸಬೇಕಾ, ಆರಿಸಿ ಕೇಳಬೇಕಾ?

"ಲೋಕದ ಹಾಡು ಕೇಳೋದು ತಪ್ಪಾ?" ಯೌವನಸ್ಥರ ಕೂಟ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬರಾದರೂ ಹಿಂದೆ ಉಳಿದು ನನ್ನನ್ನು ಈ ಪ್ರಶ್ನೆ ಕೇಳುತ್ತಾರೆ. ಲೋಕದ ಹಾಡು ಅಂದರೆ ದೇವರ ವಿಷಯವಲ್ಲದ, ಸಭೆಯ ಹೊರಗಿನ ಹಾಡು. ಒಂದು ಸಲ ಕೇಳಿದವಳು ಮದುವೆ ನಿಶ್ಚಯವಾಗಿದ್ದ ಹುಡುಗಿ. ಇನ್ನೊಂದು ಸಲ ಹದಿಮೂರು ವರ್ಷದ ಮಗಳ ತಂದೆ. ಮಗಳ ಕಿವಿಯಿಂದ ಇಯರ್‌ಫೋನ್ ಇಳಿಯುವುದೇ ಇಲ್ಲ, ಒಳಗೆ ಏನು ಓಡುತ್ತಿದೆಯೋ ಗೊತ್ತಿಲ್ಲ ಎಂಬುದು ಅವರ ಚಿಂತೆ. ಮತ್ತೊಬ್ಬ ಹುಡುಗ ಪ್ರಶ್ನೆಯನ್ನೇ ಕೇಳಲಿಲ್ಲ. ಪ್ರೀತಿಸಿದವಳು ಬಿಟ್ಟುಹೋಗಿದ್ದಳು. ಮೂರು ವಾರದಿಂದ ಒಂದೇ ಹಾಡು ಕೇಳ್ತಿದ್ದೇನೆ, ಪ್ರಾರ್ಥನೆಗೆ ಮಾತು ಬರ್ತಿಲ್ಲ ಎಂದಷ್ಟೇ ಹೇಳಿದ.

ಮೂವರಿಗೂ ಒಂದೇ ಉತ್ತರ ಕೊಡಲು ನನಗೆ ಆಗಲಿಲ್ಲ. ಸಾಮಾನ್ಯವಾಗಿ ನಮ್ಮ ಮುಂದೆ ನಾಲ್ಕು ದಾರಿ ಇರುತ್ತವೆ. ಲೋಕದ ಹಾಡನ್ನು ಪೂರ್ತಿ ಬಿಡುವುದು. ಅದರ ಜಾಗಕ್ಕೆ ಕ್ರಿಸ್ತೀಯ ಪಾಪ್ ತರುವುದು. ಒಂದೊಂದು ಹಾಡನ್ನೂ ಜರಡಿ ಹಿಡಿದು ಆರಿಸಿಕೊಳ್ಳುವುದು. ಇಲ್ಲವೇ ಬಂದದ್ದನ್ನೆಲ್ಲ ಕೇಳಿ, ಜೊತೆಗೆ ಕೂತು ಅದರ ಬಗ್ಗೆ ಮಾತಾಡುವುದು. ನಾಲ್ಕನ್ನೂ ನಾನು ಬೇರೆ ಬೇರೆ ಕಾಲದಲ್ಲಿ ಮಾಡಿ ನೋಡಿದ್ದೇನೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ತೂಗಿ ನೋಡೋಣ.

ಮೊದಲು ಒಂದು ಭಯ ಬಿಡಬೇಕು

ಪ್ರೇಮಗೀತೆ ಎಂದರೇ ಸೈತಾನನ ಕೆಲಸ ಎಂದು ನಂಬಿಕೊಂಡು ಬೆಳೆದವರು ನಮ್ಮಲ್ಲಿ ಜಾಸ್ತಿ. ಸತ್ಯವೇದ ಹಾಗೆ ಹೇಳುವುದಿಲ್ಲ. 45ನೇ ಕೀರ್ತನೆಯ ತಲೆಬರಹದಲ್ಲೇ ಅದು ಪ್ರೇಮಗೀತೆ ಎಂದಿದೆ. ರಾಜನ ಮದುವೆಗೆ ಬರೆದ ಹಾಡು ಅದು. ಪರಮಗೀತೆಯ ಎಂಟು ಅಧ್ಯಾಯಗಳ ಉದ್ದಕ್ಕೂ ಒಬ್ಬ ಗಂಡು, ಒಬ್ಬ ಹೆಣ್ಣು ಒಬ್ಬರನ್ನೊಬ್ಬರು ಹೊಗಳುತ್ತಾರೆ, ಹುಡುಕುತ್ತಾರೆ, ಹಂಬಲಿಸುತ್ತಾರೆ. ಇನ್ನು ವಾದ್ಯಗಳ ವಿಷಯ. ಕಿನ್ನರಿ, ಕೊಳಲು ನುಡಿಸುವವರಿಗೆಲ್ಲ ಮೂಲಪುರುಷ ಯೂಬಾಲ ಎಂದು ಆದಿಕಾಂಡ 4:21 ಹೇಳುತ್ತದೆ. ಅವನು ಕಾಯಿನನ ವಂಶದವನು. ಆ ವಂಶದಲ್ಲಿ ಹುಟ್ಟಿದ ಕಿನ್ನರಿಯನ್ನೇ ದಾವೀದ ಕೈಗೆತ್ತಿಕೊಂಡು ಸೌಲನ ಮನಸ್ಸಿಗೆ ಸಮಾಧಾನ ತಂದ.

ಚರಿತ್ರೆಯಲ್ಲೂ ಗಡಿ ಇಷ್ಟೇ ಸಡಿಲ. ಹಾನ್ಸ್ ಲಿಯೋ ಹಾಸ್ಲರ್ ಎಂಬ ಜರ್ಮನ್ ಸಂಗೀತಗಾರ 1601ರಲ್ಲಿ ಒಂದು ಪ್ರೇಮಗೀತೆ ಪ್ರಕಟಿಸಿದ. ಒಬ್ಬ ಹುಡುಗಿಯಿಂದಾಗಿ ನನ್ನ ಮನಸ್ಸು ಕದಡಿಹೋಗಿದೆ ಎಂಬುದು ಅದರ ಭಾವ. ಮುಂದೆ ಅದೇ ರಾಗ ಮುಳ್ಳಿನ ಕಿರೀಟ ಹೊತ್ತ ಕ್ರಿಸ್ತನ ಶಿರಸ್ಸನ್ನು ಕುರಿತ ಸ್ತುತಿಗೀತೆಯ ರಾಗವಾಯಿತು. ಜರ್ಮನಿಯ ಸಂಗೀತಗಾರ ಬಾಖ್ 1727ರಲ್ಲಿ ಮತ್ತಾಯನ ಸುವಾರ್ತೆಯ ಶ್ರಮೆಯ ಕಥೆಗೆ ಸಂಗೀತ ಕೂಡಿಸಿದಾಗ ಆ ರಾಗವನ್ನು ಮತ್ತೆ ಮತ್ತೆ ತಂದ. ಶುಭ ಶುಕ್ರವಾರ ಇವತ್ತಿಗೂ ಎಷ್ಟೋ ಸಭೆಗಳು ಕಣ್ಣೀರಿನಿಂದ ಹಾಡುವ ರಾಗ ಅದು.

ಹರಿವು ಎದುರು ದಿಕ್ಕಿಗೂ ಇತ್ತು. ಇಂದಿನ ಪಾಪ್ ಹಾಡನ್ನು ಅರ್ಥಮಾಡಿಕೊಳ್ಳಲು ಇದು ನನಗೆ ತುಂಬಾ ಸಹಾಯ ಮಾಡಿದೆ. 1954ರಲ್ಲಿ ಅಮೆರಿಕದ ಗಾಯಕ ರೇ ಚಾರ್ಲ್ಸ್ ಒಂದು ಗಾಸ್ಪೆಲ್ ಹಾಡಿನ (ಕಪ್ಪು ಜನರ ಸಭೆಗಳ ಸ್ತುತಿಗೀತೆಯ) ಅಚ್ಚಿನ ಮೇಲೆ ಲೋಕದ ಪ್ರೇಮಗೀತೆ ಕಟ್ಟಿದರು. ಗಾಸ್ಪೆಲ್ ತಂಡದಲ್ಲಿ ಹಾಡುತ್ತಿದ್ದ ಸ್ಯಾಮ್ ಕುಕ್ 1957ರಲ್ಲಿ ಪಾಪ್ ಕಡೆಗೆ ಬಂದರು. ಅಮೆರಿಕದ ಕಪ್ಪು ಜನರ ಸಭೆಗಳಲ್ಲಿ ದೇವರನ್ನು ಕೂಗಿ ಕರೆಯುತ್ತಿದ್ದ ಆ ಧ್ವನಿ, ಆ ಬಿಕ್ಕು, ಒಬ್ಬರು ಕೂಗಿದರೆ ಎಲ್ಲರೂ ಮರುನುಡಿಯುವ ಆ ರೀತಿ ಸೋಲ್ ಎಂಬ ಲೋಕದ ಸಂಗೀತಕ್ಕೆ ಬಂತು, ಅಲ್ಲಿಂದ ಪಾಪ್‌ಗೆ ಹರಿಯಿತು. ಧ್ವನಿ ಆರಾಧನೆಯದಾಗಿಯೇ ಉಳಿಯಿತು, ಕೂಗು ಮಾತ್ರ ಪ್ರಿಯಕರನ ಕಡೆಗೆ, ಪ್ರಿಯತಮೆಯ ಕಡೆಗೆ ತಿರುಗಿತು. ನೀನಿಲ್ಲದೆ ನಾನಿಲ್ಲ, ನನ್ನನ್ನು ಉಳಿಸು, ನಿನ್ನಲ್ಲೇ ನನ್ನ ಬೆಳಕು. ಇವು ಮೊದಲು ಪ್ರಾರ್ಥನೆಯ ಮಾತುಗಳು.

ಅಳತೆಗೋಲುಗಳು

ಆದ್ದರಿಂದ ನನ್ನ ಮೊದಲ ಅಳತೆಗೋಲು ಇದು: ಈ ಹಾಡು ಭಾರವನ್ನು ಯಾರ ಹೆಗಲ ಮೇಲೆ ಹೊರಿಸುತ್ತಿದೆ?

ನನ್ನ ಮದುವೆಯ ಮೊದಲ ವರ್ಷದ ಮಾತು ಹೇಳುತ್ತೇನೆ. ಬಾಯಿ ಬಿಟ್ಟು ಹೇಳದೆಯೇ ನನ್ನ ಮನಸ್ಸು ಹೆಂಡತಿಗೆ ತಿಳಿಯಬೇಕು ಎಂದು ನಾನು ಕಾಯುತ್ತಿದ್ದೆ. ತಿಳಿಯದಿದ್ದಾಗ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ನಿಜವಾದ ಪ್ರೀತಿ ಹಾಗೇ ಇರುತ್ತದೆ ಎಂದು ನನಗೆ ಯಾರೂ ಪಾಠ ಮಾಡಿರಲಿಲ್ಲ. ಹತ್ತು ಹದಿನೈದು ವರ್ಷ ಕೇಳಿದ ಹಾಡುಗಳು ಕಲಿಸಿದ್ದವು. ಒಂದು ರಾತ್ರಿ ಅವಳು ಸೋತ ಧ್ವನಿಯಲ್ಲಿ, "ನೀವು ಹೇಳದೇ ಇದ್ರೆ ನನಗೆ ಹೇಗೆ ಗೊತ್ತಾಗಬೇಕು? ನಾನೇನು ದೇವರಾ?" ಎಂದಳು.

ಆ ಮಾತನ್ನು ನಾನು ಮೊದಲೇ ಓದಿದ್ದೆ ಅನ್ನಿಸಿತು. ಹುಡುಕಿದರೆ ಆದಿಕಾಂಡ 30:2ರಲ್ಲಿ ಸಿಕ್ಕಿತು. ಯಾಕೋಬನು ರಾಹೇಲಳಿಗಾಗಿ ಏಳು ವರ್ಷ ದುಡಿದ. ಅವಳ ಮೇಲಿನ ಪ್ರೀತಿಯಿಂದ ಆ ಏಳು ವರ್ಷ ಅವನಿಗೆ ಸ್ವಲ್ಪ ದಿನಗಳಂತೆ ಕಂಡವು ಎಂದು 29ನೇ ಅಧ್ಯಾಯ ಹೇಳುತ್ತದೆ. ಇದಕ್ಕಿಂತ ಚೆಂದದ ಪ್ರೇಮಗೀತೆಯ ಸಾಲು ಎಲ್ಲಿದೆ? ಆದರೆ ಮುಂದಿನ ಅಧ್ಯಾಯ ತೆರೆಯುತ್ತಿದ್ದಂತೆ ರಾಹೇಲಳು ಮಕ್ಕಳನ್ನು ಕೊಡು, ಇಲ್ಲದಿದ್ದರೆ ಸಾಯುತ್ತೇನೆ ಎನ್ನುತ್ತಾಳೆ. ಯಾಕೋಬ ಸಿಟ್ಟಾಗಿ, ನಾನೇನು ದೇವರ ಸ್ಥಾನದಲ್ಲಿದ್ದೇನೋ ಎಂದು ಕೇಳುತ್ತಾನೆ. ಅಷ್ಟು ಪ್ರೀತಿಸಿದವನೂ ಆ ಭಾರ ಹೊರಲಾರ. ಮನುಷ್ಯನ ಹೆಗಲು ಅದಕ್ಕಾಗಿ ಮಾಡಿದ್ದಲ್ಲ. ಪಾಪ್ ಹಾಡಿನ ಕೆಟ್ಟ ಪದಗಳಿಗೆ ನಾವು ಹೆದರುತ್ತೇವೆ. ಒಂದೂ ಕೆಟ್ಟ ಪದವಿಲ್ಲದ, ಮಧುರವಾದ, "ನೀನೇ ನನ್ನ ಸರ್ವಸ್ವ" ಎನ್ನುವ ಹಾಡು ಮದುವೆಗಳಿಗೆ ಅದಕ್ಕಿಂತ ಜಾಸ್ತಿ ಪೆಟ್ಟು ಕೊಡುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎರಡನೆಯ ಅಳತೆ, ಹಾಡು ನಿಜ ಹೇಳುತ್ತಿದೆಯಾ? ಯಾವುದರ ಮೇಲೆ ಮನಸ್ಸಿಡಬೇಕು ಎಂದು ಪೌಲ ಫಿಲಿಪ್ಪಿ 4:8ರಲ್ಲಿ ಒಂದು ಪಟ್ಟಿ ಕೊಡುತ್ತಾನೆ. ನಾವೆಲ್ಲ ಅದರಲ್ಲಿ ಶುದ್ಧವಾದದ್ದು ಎಂಬ ಪದಕ್ಕೆ ನೇರ ಹಾರುತ್ತೇವೆ. ಆದರೆ ಪಟ್ಟಿಯ ಮೊದಲ ಪದ ಸತ್ಯವಾದದ್ದು. ಒಂಟಿತನವನ್ನು ಇದ್ದ ಹಾಗೆ ಹೇಳುವ ದುಃಖದ ಹಾಡು ಈ ಅಳತೆಯಲ್ಲಿ ಗೆಲ್ಲಬಹುದು. ಎಲ್ಲವೂ ಸರಿಹೋಗುತ್ತದೆ ಎಂದು ಸುಮ್ನೆ ಸವರುವ ಸಿಹಿ ಹಾಡು ಸೋಲಬಹುದು.

ಮೂರನೆಯದು, ನಿರೀಕ್ಷೆಯ ಬೇರು ಎಲ್ಲಿದೆ? ನಿರೀಕ್ಷೆ ಎಂಬ ನಮ್ಮ ಪದದಲ್ಲಿಯೇ ಕಾಯುವುದು ಇದೆ. ಯಾರೋ ಬರುತ್ತಾರೆ ಎಂದು ದಾರಿ ನೋಡುವುದು. ಬರುವವರು ಇದ್ದರೆ ಮಾತ್ರ ಆ ಪದಕ್ಕೆ ಅರ್ಥ. ರೋಮಾ 5:3-5ರಲ್ಲಿ ಪೌಲ ಅದನ್ನು ಒಂದು ಮೆಟ್ಟಿಲಿನ ಹಾಗೆ ಕಟ್ಟುತ್ತಾನೆ. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆ ದಾಟಿದ ಗುಣ, ಅದರಿಂದ ನಿರೀಕ್ಷೆ. ಆ ನಿರೀಕ್ಷೆ ನಮ್ಮನ್ನು ನಾಚಿಕೆಪಡಿಸುವುದಿಲ್ಲ, ಯಾಕೆಂದರೆ ದೇವರ ಪ್ರೀತಿ ಈಗಾಗಲೇ ನಮ್ಮ ಹೃದಯಕ್ಕೆ ಸುರಿಯಲ್ಪಟ್ಟಿದೆ. ಪಾಪ್ ಹಾಡಿನ ಭರವಸೆ ಹೆಚ್ಚಾಗಿ ಕಷ್ಟದ ಮೆಟ್ಟಿಲನ್ನು ಬಿಟ್ಟು ನೇರವಾಗಿ ಮೇಲಿನ ಮೆಟ್ಟಿಲಿಗೆ ಹಾರುತ್ತದೆ. ಮೂರೂವರೆ ನಿಮಿಷದಲ್ಲಿ ಇನ್ನೇನು ಮಾಡಲಾದೀತು ಎನ್ನಬಹುದು. ಆದರೆ 13ನೇ ಕೀರ್ತನೆಯಲ್ಲಿ ಆರೇ ವಚನ ಇವೆ. ಎಷ್ಟರವರೆಗೆ ಎಂದು ನಾಲ್ಕು ಸಲ ಕೇಳಿ, ಅತ್ತು, ಕೊನೆಗೆ ಹಾಡುತ್ತೇನೆ ಎಂಬಲ್ಲಿಗೆ ಅದು ಬಂದು ನಿಲ್ಲುತ್ತದೆ.

ಉಳಿದ ಎರಡು ಅಳತೆಗಳು ಚಿಕ್ಕವು. ಹಾಡು ಮುಗಿದ ಮೇಲೆ ನಾನು ಯಾವ ಮನಸ್ಸಿನಲ್ಲಿ ಇರುತ್ತೇನೆ? ಮನೆಯವರ ಮೇಲೆ ಸಿಡುಕುತ್ತೇನಾ, ಹಳೆಯ ನಂಬರಿಗೆ ಮೆಸೇಜ್ ಕಳಿಸಲು ಕೈ ಹೋಗುತ್ತದಾ? ಮತ್ತು ಪಕ್ಕದಲ್ಲಿ ಯಾರಿದ್ದಾರೆ? ನನಗೆ ಏನೂ ಅನ್ನಿಸದ ಹಾಡು ಇನ್ನೊಬ್ಬರನ್ನು ಬಿಟ್ಟುಬಂದ ಬದುಕಿಗೆ ಎಳೆಯಬಹುದು. ರೋಮಾ 14ನೇ ಅಧ್ಯಾಯ ಪೂರ್ತಿ ಇದರ ಬಗ್ಗೆಯೇ ಇದೆ.

ಪೂರ್ತಿ ಬಿಡುವುದು

ಇದನ್ನು ಆರಿಸಿಕೊಂಡವರನ್ನು ಹಿಂದುಳಿದವರು ಎಂದು ಯಾರೂ ಭಾವಿಸಬಾರದು. ಇದಕ್ಕೆ ದೊಡ್ಡ ಹಿನ್ನೆಲೆ ಇದೆ. ಹಾಡಿನ ವಿಷಯಕ್ಕಿಂತ ಹಾಡುವಿಕೆಯೇ ನನ್ನನ್ನು ಜಾಸ್ತಿ ಕದಲಿಸಿದರೆ ಅದು ನನ್ನ ಪಾಪ ಎಂದು ಪ್ರಾಚೀನ ಸಭೆಯ ಗುರು ಅಗಸ್ಟೀನ್ ತನ್ನ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ಬರೆದಿದ್ದಾನೆ. ಅದೂ ಸಭೆಯ ಹಾಡಿನ ಬಗ್ಗೆ! ಆದರೆ ಅದೇ ಜಾಗದಲ್ಲಿ, ವಿಶ್ವಾಸಕ್ಕೆ ಬಂದ ಹೊಸದರಲ್ಲಿ ಸಭೆಯ ಹಾಡು ಕೇಳಿ ತಾನು ಅತ್ತದ್ದನ್ನೂ ನೆನೆಯುತ್ತಾನೆ. ಕೊನೆಗೆ ಹಾಡು ಇರಲಿ ಎಂಬ ಕಡೆಗೇ ವಾಲುತ್ತಾನೆ. ಹದಿನಾರನೇ ಶತಮಾನದ ಸಭಾ ಸುಧಾರಣೆಯ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಭಾನಾಯಕ ಜ್ವಿಂಗ್ಲಿ ಆರಾಧನೆಯಿಂದ ಸಂಗೀತವನ್ನೇ ತೆಗೆದ. ಅವನು ಹಲವು ವಾದ್ಯ ಬಲ್ಲ ಸಂಗೀತಗಾರ. ಸಂಗೀತದ ಶಕ್ತಿ ಗೊತ್ತಿದ್ದವರೇ ಅದಕ್ಕೆ ಅಂಜಿದ್ದಾರೆ.

ಯಾರಿಗೆ ಇದು ಸರಿ? ಕುಡಿತ, ಪಾರ್ಟಿ, ಮುರಿದ ಸಂಬಂಧಗಳಿಂದ ಈಗಷ್ಟೇ ಹೊರಬಂದವರಿಗೆ. ಒಂದು ರಾಗದ ಮೊದಲ ಎರಡು ಸೆಕೆಂಡು ಸಾಕು, ಹಳೆಯ ಕೋಣೆ, ಹಳೆಯ ಜನ ಕಣ್ಣಮುಂದೆ ಬರುತ್ತಾರೆ. ಅಂಥವರಿಗೆ ನಾನು ಬೇರೆ ದಾರಿಯ ಮಾತೇ ಎತ್ತುವುದಿಲ್ಲ. ಕಷ್ಟವೂ ಕಡಿಮೆ: ಒಂದು ಸಲ ನಿರ್ಧರಿಸಿದರೆ ದಿನವೂ ಆರಿಸುವ ಗೋಜಿಲ್ಲ.

ನಷ್ಟವೂ ಇದೆ. ಗುಡಿಸಿ ಅಲಂಕರಿಸಿ ಖಾಲಿ ಬಿಟ್ಟ ಮನೆಗೆ ಹೊರಗೆ ಹೋದ ಅಶುದ್ಧಾತ್ಮ ಇನ್ನೂ ಏಳನ್ನು ಕರೆದುಕೊಂಡು ಬರುವ ಕಥೆಯನ್ನು ಯೇಸು ಹೇಳಿದ್ದಾನೆ (ಮತ್ತಾಯ 12). ಹಾಡು ಬಿಟ್ಟ ಜಾಗದಲ್ಲಿ ಏನು ತುಂಬುತ್ತೀರಿ ಎಂದು ಯೋಚಿಸದಿದ್ದರೆ ಆ ಜಾಗವನ್ನು ರೀಲ್ಸ್ ತುಂಬುತ್ತದೆ. ಇನ್ನೊಂದು ಅಪಾಯ, ಬಿಟ್ಟವರು ಬಿಡದವರ ಮೇಲೆ ತೀರ್ಪು ಮಾಡಲು ಶುರುಮಾಡುವುದು. ಅದಕ್ಕಿಂತ ಹಾಡೇ ವಾಸಿ.

ಪೂರ್ತಿ ಬಿಡಲು ಧೈರ್ಯ ಸಾಲದವರಿಗೆ, ಅಗತ್ಯ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೆ ಉಪವಾಸ ಒಳ್ಳೆಯದು. ಮೂವತ್ತು ದಿನ ಬಿಟ್ಟು ನೋಡಿ. ನಾನು ಮಾಡಿದಾಗ ಮೊದಲ ವಾರ ಚಡಪಡಿಸಿದೆ. ಮೂರನೇ ವಾರಕ್ಕೆ ಯಾವ ಹಾಡಿಗೆ ಹಂಬಲಿಸುತ್ತಿದ್ದೇನೆ, ಯಾವುದರ ನೆನಪೇ ಬರಲಿಲ್ಲ ಎಂಬುದು ಸ್ಪಷ್ಟವಾಯಿತು. ಹಿಂದೆ ಬಂದಾಗ ಅರ್ಧಕ್ಕಿಂತ ಜಾಸ್ತಿ ಹಾಡುಗಳನ್ನು ಪಟ್ಟಿಯಿಂದ ತೆಗೆದೆ, ಯಾರೂ ಹೇಳದೆಯೇ.

ಕ್ರಿಸ್ತೀಯ ಪಾಪ್‌ಗೆ ಬದಲಾಯಿಸುವುದು

1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಜೀಸಸ್ ಚಳವಳಿಯ ಯುವಕರು ಗಿಟಾರ್ ಹಿಡಿದು ರಾಕ್ ಶೈಲಿಯಲ್ಲಿ ಯೇಸುವನ್ನು ಹಾಡತೊಡಗಿದರು. ಅಲ್ಲಿಂದ ಬೆಳೆದದ್ದು ಈ ಪ್ರಕಾರ. ಇವತ್ತು ಲೋಕದ ಪಾಪ್‌ನ ಪ್ರತಿ ಶೈಲಿಗೂ ಒಂದು ಕ್ರಿಸ್ತೀಯ ಜೋಡಿ ಸಿಗುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಕಾರಿನಲ್ಲಿ ಎಲ್ಲರೂ ಒಟ್ಟಿಗೆ ಕೇಳುವುದಾದರೆ, ಆರಿಸಲು ಸಮಯ ಇಲ್ಲದಿದ್ದರೆ ಇದು ನೆಮ್ಮದಿಯ ದಾರಿ. ಒಳ್ಳೆಯ ಸಾಲುಗಳು ಸುಮ್ಮನೆ ನಾಲಿಗೆಯ ಮೇಲೆ ಕೂರುತ್ತವೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೆ ನೆನಪಾದದ್ದು ಅಂಥದ್ದೇ ಒಂದು ಸಾಲು.

ಆದರೆ ಎರಡು ಕೊರತೆ ನನಗೆ ಕಾಣುತ್ತವೆ. ಒಂದು, ಗಂಡು ಹೆಣ್ಣಿನ ಪ್ರೀತಿಯ ಬಗ್ಗೆ ಇಲ್ಲಿ ಹಾಡುಗಳು ಬಹಳ ಕಡಿಮೆ. ಪರಮಗೀತೆಯನ್ನು ಕೈಯಲ್ಲಿ ಹಿಡಿದಿರುವ ನಾವು ಪ್ರೇಮಗೀತೆ ಬರೆಯುವುದನ್ನು ಪೂರ್ತಿ ಲೋಕಕ್ಕೆ ಬಿಟ್ಟುಕೊಟ್ಟ ಹಾಗಿದೆ. ನಮ್ಮ ಮಕ್ಕಳು ಪ್ರೀತಿಯ ಭಾಷೆ ಕಲಿಯಲು ಅಲ್ಲಿಗೇ ಹೋಗುತ್ತಾರೆ. ಇನ್ನೆಲ್ಲಿಗೆ ಹೋಗಬೇಕು? ಎರಡು, ದುಃಖ ಇಲ್ಲಿ ಬೇಗ ಮುಗಿದುಬಿಡುತ್ತದೆ. ಮೊದಲ ಚರಣದಲ್ಲಿ ಕಣ್ಣೀರು, ಪಲ್ಲವಿ ಬರುವಷ್ಟರಲ್ಲಿ ಜಯ. ಕೀರ್ತನೆಗಳ ಪುಸ್ತಕ ಹಾಗಿಲ್ಲ. 88ನೇ ಕೀರ್ತನೆ ಕತ್ತಲೆ ಎಂಬ ಪದದೊಂದಿಗೆ ಮುಗಿಯುತ್ತದೆ. ಆಮೇಲೆ ಬೆಳಕಿನ ಒಂದು ಸಾಲೂ ಇಲ್ಲ. ಅದನ್ನೂ ದೇವರ ಜನ ಆರಾಧನೆಯಲ್ಲಿ ಹಾಡಿದರು.

ಇನ್ನೂ ಒಂದು ಮಾತು. ಹಾಡಿನಲ್ಲಿ ಯೇಸುವಿನ ಹೆಸರು ಬಂದ ಮಾತ್ರಕ್ಕೆ ಅಳತೆಗೋಲುಗಳನ್ನು ಪಕ್ಕಕ್ಕಿಡಬೇಡಿ. ದೇವರನ್ನು ನನ್ನ ಕನಸು ಪೂರೈಸುವ ಸಹಾಯಕನ ಹಾಗೆ ತೋರಿಸುವ ಹಾಡುಗಳೂ ಇವೆ. ಭಾರ ಯಾರ ಮೇಲೆ, ಮಹಿಮೆ ಯಾರಿಗೆ ಎಂದು ಅಲ್ಲೂ ಕೇಳಿ.

ಜರಡಿ ಹಿಡಿಯುವುದು

ನಾನು ಈಗ ನಡೆಯುತ್ತಿರುವುದು ಮುಖ್ಯವಾಗಿ ಈ ದಾರಿಯಲ್ಲಿ. ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಬಿಗಿಯಾಗಿ ಹಿಡಿದುಕೊಳ್ಳಿ ಎಂಬ 1 ಥೆಸಲೋನಿಕ 5:21 ಇದರ ಆಧಾರ. ಕೆಲಸ ಜಾಸ್ತಿ. ಹೊಸ ಹಾಡು ಇಷ್ಟವಾದರೆ ನಾನು ಸಾಹಿತ್ಯವನ್ನು ರಾಗ ಇಲ್ಲದೆ ಒಮ್ಮೆ ಓದುತ್ತೇನೆ. ರಾಗ ಸೇರಿದಾಗ ಎಂಥ ಮಾತೂ ಒಳಗೆ ಇಳಿದುಬಿಡುತ್ತದೆ. ಬರೀ ಅಕ್ಷರವಾಗಿ ಓದಿದಾಗ ಅದು ಏನು ಹೇಳುತ್ತಿದೆ ಎಂದು ತಿಳಿಯುತ್ತದೆ. ಐದು ನಿಮಿಷದ ಕೆಲಸ.

ಆಪ್‌ಗಳಲ್ಲಿ ಹಾಡಿನ ಪಕ್ಕ ಇರುವ ಎಚ್ಚರಿಕೆಯ ಗುರುತನ್ನು ಮಾತ್ರ ನೋಡಿದರೆ ಸಾಲದು. ಪೋಷಕರ ಒತ್ತಾಯಕ್ಕೆ ಅಮೆರಿಕದ ಧ್ವನಿಮುದ್ರಣ ಉದ್ಯಮ ಇಂಥ ಗುರುತಿಗೆ ಒಪ್ಪಿದ್ದು 1985ರಲ್ಲಿ. ಅದು ಒರಟು ಭಾಷೆ, ಲೈಂಗಿಕತೆ, ಹಿಂಸೆಯ ಬಗ್ಗೆ ಎಚ್ಚರಿಸುತ್ತದೆ. ಹಾಡು ಹೇಳುತ್ತಿರುವುದು ಸುಳ್ಳು ಎಂದು ಎಚ್ಚರಿಸುವ ಗುರುತು ಯಾವುದೂ ಇಲ್ಲ.

ಪ್ರೀತಿಯ ಹಾಡುಗಳನ್ನು ಅಳತೆಗಳಿಗೆ ಹಚ್ಚಿ ನೋಡಿದಾಗ ನನಗೆ ಕಂಡದ್ದು ಹೀಗಿದೆ. "ನೀನೇ ಸರ್ವಸ್ವ" ಹಾಡುಗಳ ಬಗ್ಗೆ ಆಗಲೇ ಹೇಳಿದೆ. ಇವು ಸುಂದರ, ಆದ್ದರಿಂದಲೇ ಕಡಿಮೆ ಕೇಳುತ್ತೇನೆ. ಸೇಡಿನ ಬ್ರೇಕಪ್ ಹಾಡುಗಳಲ್ಲಿ ಕೋಪ ನಿಜವಾಗಿರುತ್ತದೆ. ಕೀರ್ತನೆಗಳಲ್ಲೂ ಅಂಥ ಕೋಪ ಇದೆ. ಆದರೆ ಕೀರ್ತನೆಗಾರ ಕೋಪವನ್ನು ದೇವರ ಕೈಗೆ ಕೊಟ್ಟು ಎದ್ದುಹೋಗುತ್ತಾನೆ, ಹಾಡು ಅದನ್ನು ನಮ್ಮ ಕೈಯಲ್ಲೇ ಬಿಟ್ಟುಹೋಗುತ್ತದೆ. ಒಂದು ಸಲ ಕೇಳಿದರೆ ಎದೆ ಹಗುರವಾಗಬಹುದು, ಇಪ್ಪತ್ತು ಸಲ ಕೇಳಿದರೆ ಕ್ಷಮಿಸುವುದು ಕಷ್ಟವಾಗುತ್ತದೆ.

"ನನಗೆ ನಾನೇ ಸಾಕು" ಎಂಬ ಹಾಡುಗಳು ಈಗ ತುಂಬಾ ಬರುತ್ತಿವೆ. ಇವುಗಳ ಮೇಲೆ ಸಭೆಯಲ್ಲಿ ಸಿಟ್ಟು ಜಾಸ್ತಿ, ನನಗೆ ಅಷ್ಟಿಲ್ಲ. ಹೊಡೆಯುವ, ಹೀಯಾಳಿಸುವ ಸಂಬಂಧದಿಂದ ಹೊರಬರುತ್ತಿರುವ ಹೆಣ್ಣುಮಗಳಿಗೆ "ನಿನಗೆ ಬೆಲೆ ಇದೆ" ಎಂದು ಮೊದಲು ಹೇಳಿದ್ದು ಇಂಥ ಹಾಡಾಗಿದ್ದರೆ, ಅದನ್ನು ಹೇಳಬೇಕಾಗಿದ್ದ ನಾವು ಎಲ್ಲಿದ್ದೆವು? ಅವಳು ದೇವರ ಸ್ವರೂಪದಲ್ಲಿ ಉಂಟಾದವಳು ಎಂಬುದು ಸತ್ಯವೇದದ ಮೊದಲ ಅಧ್ಯಾಯದ ಮಾತು. ಹಾಡು ಅರ್ಧ ನಿಜ ಹೇಳಿದೆ. ಉಳಿದ ಅರ್ಧ, ಆ ಬೆಲೆ ಕೊಟ್ಟವನು ಯಾರು ಎಂಬುದು, ನಮ್ಮ ಬಾಯಿಂದ ಬರಬೇಕು.

ಬದ್ಧತೆ ಇಲ್ಲದ ಒಂದು ರಾತ್ರಿಯ ಹಾಡುಗಳನ್ನು ನಾನು ಬಿಟ್ಟಿದ್ದೇನೆ. ಅದಾಗಿ ಏಳುವವರೆಗೆ ಪ್ರೀತಿಯನ್ನು ಎಬ್ಬಿಸಬೇಡಿ ಎಂದು ಪರಮಗೀತೆ ಮೂರು ಸಲ ಹೇಳುತ್ತದೆ (2:7, 3:5, 8:4). ಆ ಹಾಡುಗಳ ಕೆಲಸವೇ ಎಬ್ಬಿಸುವುದು.

ನಾನು ಮನಸಾರೆ ಉಳಿಸಿಕೊಳ್ಳುವ ಹಾಡುಗಳು ಎರಡು ಬಗೆಯವು. ವಯಸ್ಸಾದ ಮೇಲೂ ಕೈ ಹಿಡಿದು ನಡೆಯುವ, ಜಗಳವಾಡಿ ಹಿಂದಿರುಗಿ ಬರುವ, ಉಳಿಯುವ ಪ್ರೀತಿಯ ಹಾಡುಗಳು. 1 ಕೊರಿಂಥ 13ರಲ್ಲಿ ಪೌಲ ಪ್ರೀತಿಯನ್ನು ಭಾವನೆಯಿಂದ ವರ್ಣಿಸುವುದಿಲ್ಲ, ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಹೇಳುತ್ತಾನೆ. ತಾಳಿಕೊಳ್ಳುತ್ತದೆ, ದಯೆ ತೋರಿಸುತ್ತದೆ, ಅಪಕಾರವನ್ನು ಲೆಕ್ಕ ಇಡುವುದಿಲ್ಲ. ಅಂಥ ಕ್ರಿಯಾಪದಗಳು ತುಂಬಿದ ಹಾಡು ಯಾರೇ ಬರೆದಿರಲಿ, ನನಗೆ ಬೇಕು. ಇನ್ನೊಂದು, ಇಂದಿನ ಒಂಟಿತನದ ಹಾಡುಗಳು. ಮೆಸೇಜ್ ಓದಿದ ಗುರುತು ಬಂದಿದೆ, ಉತ್ತರ ಬಂದಿಲ್ಲ. ನೂರು ಮುಖ ನೋಡಿದ್ದಾಯಿತು, ಯಾರಿಗೂ ಹೆಸರು ನೆನಪಿಲ್ಲ. ಇವು ಪರಿಹಾರ ಹೇಳುವುದಿಲ್ಲ, ನೋವನ್ನು ಇದ್ದ ಹಾಗೆ ಹೇಳುತ್ತವೆ. ಪಕ್ಕದ ಕುರ್ಚಿಯಲ್ಲಿ ಕೂತವರ ಹಸಿವು ನನಗೆ ಗೊತ್ತಾಗುವುದು ಇವುಗಳಿಂದಲೇ.

ಭರವಸೆಯ ಹಾಡುಗಳಲ್ಲಿ "ನಿನ್ನನ್ನು ನೀನು ನಂಬು" ಎನ್ನುವುದು ಪರೀಕ್ಷೆಯ ಹಿಂದಿನ ದಿನ ಸರಿ, ಮಗುವನ್ನು ಕಳೆದುಕೊಂಡ ದಿನ ನಿಲ್ಲುವುದಿಲ್ಲ. "ನಾಳೆ ಸರಿಹೋಗುತ್ತೆ" ಎನ್ನುವುದು ಒಳ್ಳೆಯ ಹಾರೈಕೆ. ಆದರೆ ಯಾವ ಆಧಾರದ ಮೇಲೆ? "ನಾನಿದ್ದೇನೆ, ಬೀಳಲು ಬಿಡುವುದಿಲ್ಲ" ಎನ್ನುವ ಹಾಡು ಮೂರರಲ್ಲೂ ಗಟ್ಟಿ. ಒಬ್ಬನಿಗಿಂತ ಇಬ್ಬರು ಮೇಲು, ಒಬ್ಬ ಬಿದ್ದರೆ ಇನ್ನೊಬ್ಬ ಎತ್ತುವನು ಎಂದು ಪ್ರಸಂಗಿ 4ನೇ ಅಧ್ಯಾಯವೂ ಹೇಳುತ್ತದೆ. ಇಬ್ರಿಯ 6:19ರಲ್ಲಿ ನಿರೀಕ್ಷೆಯನ್ನು ಲಂಗರಿಗೆ ಹೋಲಿಸಿದೆ. ಲಂಗರು ಹಡಗಿನ ಒಳಗೇ ಬಿದ್ದಿದ್ದರೆ ಏನೂ ಪ್ರಯೋಜನ ಇಲ್ಲ, ಹೊರಗೆ ಗಟ್ಟಿ ನೆಲಕ್ಕೆ ತಾಗಬೇಕು. ಹಾಡು ಕೇಳುವಾಗ ನಾನು ಈ ಚಿತ್ರ ಇಟ್ಟುಕೊಳ್ಳುತ್ತೇನೆ: ಇದು ಲಂಗರನ್ನು ನನ್ನೊಳಗೇ ಇಳಿಸುತ್ತಿದೆಯಾ, ಹೊರಗೆ ಬಿಡುತ್ತಿದೆಯಾ?

ಜರಡಿಯ ತೊಂದರೆ ಏನೆಂದರೆ ತೂತು ನಿಧಾನವಾಗಿ ದೊಡ್ಡದಾಗುತ್ತದೆ. ಇಷ್ಟವಾದ ಹಾಡಿಗೆ ಕಾರಣ ಹುಡುಕಿಕೊಡುವುದರಲ್ಲಿ ಮನಸ್ಸು ಬಹಳ ಜಾಣ. ಅದಕ್ಕೆ ಒಬ್ಬ ಜೊತೆಗಾರ ಬೇಕು. ನನ್ನ ಪಟ್ಟಿಯನ್ನು ಆಗಾಗ ಹೆಂಡತಿ ನೋಡುತ್ತಾಳೆ. ಅವಳು ಸುಮ್ಮನೆ ಹುಬ್ಬೇರಿಸಿದ ಹಾಡುಗಳ ಬಗ್ಗೆ ಅವಳೇ ಸರಿ ಎಂದು ನನಗೆ ಆಮೇಲೆ ಅನ್ನಿಸಿದೆ.

ಎಲ್ಲವನ್ನೂ ಕೇಳಿ ಮಾತಾಡುವುದು

ಪೌಲ ಗ್ರೀಕರ ನಗರವಾದ ಅಥೇನೆಯಲ್ಲಿ ಮಾತಾಡುವಾಗ, ನಾವು ಆತನ ಸಂತಾನದವರೇ ಎಂಬ ಸಾಲನ್ನು ಅಲ್ಲಿಯ ಜನರ ಕವಿಗಳಿಂದಲೇ ಎತ್ತಿ ಹೇಳಿದ (ಅಪೊಸ್ತಲರ ಕೃತ್ಯಗಳು 17:28). ಅದು ಅರಾಟಸ್ ಎಂಬ ಕವಿಯ ಸಾಲು, ಬರೆದದ್ದು ಜ್ಯೂಸ್ ಎಂಬ ಗ್ರೀಕ್ ದೇವತೆಯ ಬಗ್ಗೆ. ಕವಿಯೂ ಪೌಲನ ಊರು ತಾರ್ಸ ಇದ್ದ ಕಿಲಿಕ್ಯ ಸೀಮೆಯವನು. ಪೌಲ ಆ ಪದ್ಯ ಓದಿದ್ದ, ನೆನಪಿಟ್ಟಿದ್ದ, ಸಮಯ ಬಂದಾಗ ಅದನ್ನೇ ಬಾಗಿಲು ಮಾಡಿಕೊಂಡ. ದಾನಿಯೇಲನೂ ಅಷ್ಟೇ. ಸೆರೆಯಾಗಿ ಹೋದ ಬಾಬೆಲಿನಲ್ಲಿ ಅಲ್ಲಿಯ ಕಸ್ದೀಯರ ಸಾಹಿತ್ಯವನ್ನೆಲ್ಲ ಕಲಿತ, ರಾಜನ ಊಟ ಮಾತ್ರ ಬೇಡವೆಂದ. ಎಲ್ಲಿ ಗೆರೆ ಎಳೆಯಬೇಕೆಂದು ಅವನಿಗೆ ಗೊತ್ತಿತ್ತು.

ಹದಿಹರೆಯದ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆ ತಂದೆಗೆ ನಾನು ಹೇಳಿದ್ದು ಇಷ್ಟೇ. ಇಯರ್‌ಫೋನ್ ಕಿತ್ತುಕೊಳ್ಳಬೇಡಿ, ಇನ್ನೊಂದು ತುದಿ ನನಗೂ ಕೊಡಮ್ಮ ಎಂದು ಕೇಳಿ. ವಾರಕ್ಕೆ ಒಂದು ಹಾಡು ಅವಳದು, ಒಂದು ನಿಮ್ಮದು. ಕೇಳಿದ ತಕ್ಷಣ ತಪ್ಪು ಹೇಳಬೇಡಿ. ಇದರಲ್ಲಿ ನಿನಗೆ ಯಾವ ಸಾಲು ಇಷ್ಟ, ಯಾಕೆ ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ. ಮಗಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಬೆಲೆ ಮಾತ್ರ ಜಾಸ್ತಿ. ಸಮಯ ಬೇಕು, ತಾಳ್ಮೆ ಬೇಕು, ವಾಕ್ಯದಲ್ಲಿ ಬೇರು ಬೇಕು. ಒಬ್ಬಂಟಿಯಾಗಿ ಕೂತು, ನಾನು ವಿಮರ್ಶೆ ಮಾಡುತ್ತಾ ಕೇಳುತ್ತಿದ್ದೇನೆ ಎಂದು ಹೇಳಿಕೊಳ್ಳುವವರನ್ನು ನಾನು ನಂಬುವುದಿಲ್ಲ. ನಾನೂ ಹಾಗೆ ಹೇಳಿಕೊಂಡಿದ್ದೆ. ನೂರನೇ ಸಲ ಪಲ್ಲವಿ ಬರುವಾಗ ಯಾರೂ ವಿಮರ್ಶೆ ಮಾಡುತ್ತಿರುವುದಿಲ್ಲ, ಜೊತೆಗೆ ಹಾಡುತ್ತಿರುತ್ತಾರೆ.

ಯಾರಿಗೆ ಯಾವುದು

ಮದುವೆ ಹತ್ತಿರ ಇರುವವರು, ಹೊಸದಾಗಿ ಮದುವೆಯಾದವರು ಜರಡಿ ಹಿಡಿಯಲಿ, ಅದೂ ಇಬ್ಬರೂ ಸೇರಿ. ನಿಮಗೆ ತುಂಬಾ ಇಷ್ಟವಾದ ಮೂರು ಪ್ರೇಮಗೀತೆ ಆರಿಸಿ, ಅದರಲ್ಲಿ ಗಂಡ ಅಥವಾ ಹೆಂಡತಿ ಏನು ಮಾಡಬೇಕು ಎಂದು ಹಾಡು ಬಯಸುತ್ತದೋ ಅದನ್ನು ಕಾಗದದ ಮೇಲೆ ಬರೆಯಿರಿ. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿ. ಹೊರಲು ಆಗದ್ದು ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ. ನಾನು ಇದನ್ನು ಮದುವೆಗೆ ಮೊದಲು ಮಾಡಬೇಕಿತ್ತು.

ಆರಾಧನೆ ನಡೆಸುವ ಸಂಗೀತಗಾರರು ಲೋಕದ ಸಂಗೀತವನ್ನು ಕಸುಬಿಗಾಗಿ ಕೇಳಲೇಬೇಕಾಗುತ್ತದೆ. ನಿಮಗೆ ಜರಡಿಯ ಜೊತೆಗೆ ವರ್ಷಕ್ಕೆ ಒಂದೆರಡು ಉಪವಾಸ ಸೇರಿಸಿಕೊಳ್ಳಿ ಎನ್ನುತ್ತೇನೆ. ಮನಸ್ಸು ಕುಗ್ಗಿ, ಬದುಕೇ ಬೇಡ ಅನ್ನಿಸುತ್ತಿರುವವರಿಗೆ ಹಾಡಿನ ಆಯ್ಕೆ ಎರಡನೆಯ ಮಾತು. ಮೊದಲು ಒಬ್ಬ ಮನುಷ್ಯರ ಹತ್ತಿರ, ವೈದ್ಯರ ಹತ್ತಿರ ಮಾತಾಡಿ. ಇವತ್ತೇ.

ಸಮಯ ಕಡಿಮೆ ಇದ್ದರೆ ಮೊದಲ ಎರಡು ದಾರಿ ಸುಲಭ. ಹಣದ ಲೆಕ್ಕವೂ ಸ್ವಲ್ಪ ಇದೆ. ಉಚಿತ ಖಾತೆಗಳಲ್ಲಿ ಮುಂದಿನ ಹಾಡನ್ನು ಹಲವು ಸಲ ಆಪ್ ಆರಿಸುತ್ತದೆ, ಆಗ ಜರಡಿ ಇನ್ಯಾರದೋ ಕೈಯಲ್ಲಿ ಇದ್ದ ಹಾಗೆ. ಹಣ ಕೊಡಲಾಗದಿದ್ದರೆ ಆಟೋಪ್ಲೇ ನಿಲ್ಲಿಸಿ, ನಿಮ್ಮದೇ ಚಿಕ್ಕ ಪಟ್ಟಿ ಮಾಡಿಕೊಳ್ಳಿ. ನನ್ನ ಪಟ್ಟಿಯಲ್ಲಿ ನಲವತ್ತು ಹಾಡು ಇವೆ. ಸಾಕಾಗಿದೆ.

ಬಿಟ್ಟುಹೋದ ಪ್ರೀತಿಗೆ ಅಳುತ್ತಿದ್ದ ಆ ಹುಡುಗನಿಗೆ ಹಾಡು ನಿಲ್ಲಿಸು ಎಂದು ನಾನು ಹೇಳಲಿಲ್ಲ. ನನಗೂ ಕೇಳಿಸು ಎಂದೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಪೂರ್ತಿ ಕೇಳಿದೆವು. ಒಳ್ಳೆಯ ಹಾಡು, ನೋವು ನಿಜವಾಗಿತ್ತು, ಆದರೆ ನೀನು ಹಿಂದೆ ಬರದಿದ್ದರೆ ನನಗೆ ಬೆಳಗಾಗುವುದಿಲ್ಲ ಎಂಬಲ್ಲಿ ನಿಲ್ಲುತ್ತಿತ್ತು. ಆಮೇಲೆ 88ನೇ ಕೀರ್ತನೆ ತೆಗೆದು ಅವನ ಕೈಗೆ ಕೊಟ್ಟೆ. ಗಟ್ಟಿಯಾಗಿ ಓದಿದ. ಕೊನೆಯ ವಚನ ಮುಗಿದ ಮೇಲೆ ಪುಟ ತಿರುಗಿಸಿ ಇನ್ನೂ ಇದೆಯಾ ಎಂದು ನೋಡಿದ. "ಇದೂ ಬೆಳಗಾಗದೇ ಮುಗಿಯುತ್ತಲ್ಲ ಅಣ್ಣ" ಎಂದ. ಹೌದು, ಆದರೆ ಇವನು ಯಾರಿಗೆ ಹೇಳ್ತಿದ್ದಾನೆ ನೋಡು ಎಂದೆ. ಅವನು ಮೊದಲ ವಚನಕ್ಕೆ ವಾಪಸ್ ಹೋಗಿ ಬೆರಳಿಟ್ಟು ಓದಿದ: ಕರ್ತನೇ, ನನ್ನನ್ನು ರಕ್ಷಿಸುವ ದೇವರೇ.

ಆ ಹಾಡು ಅವನ ಫೋನಿನಲ್ಲಿ ಇನ್ನೂ ಇದೆ. ಅಪರೂಪಕ್ಕೆ ಕೇಳುತ್ತಾನಂತೆ.